ಹಿಮಾಲಯ ಎಳೆದ ಗುಂಡು, ತಾಳೆಯಾಗದ ಲೆಕ್ಕ ಮತ್ತು ಒಬ್ಬ ಪಾದ್ರಿ

ಬೀದರ್ ಸೀಮೆಯ ದಮರಗಿಡ್ಡ ಅನ್ನೋ ಊರಿನ ಹೆಸರಿನ ಎದುರು ಒಬ್ಬ ಪಾದ್ರಿ 1850ರ ದಶಕದಲ್ಲಿ ಒಂದು ಸಂಖ್ಯೆ ಬರೆದಿಟ್ಟು ಹೋಗಿದ್ದಾನೆ: 6.909. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡೋಕೆ ಗೌಂಡಿ ದಾರದ ತುದಿಗೆ ಒಂದು ಗುಂಡು ಕಟ್ಟಿ ಇಳಿಬಿಡ್ತಾನಲ್ಲ, ಇಂಜಿನಿಯರಿಂಗ್ ಓದಿದವರು ಪ್ಲಂಬ್ ಬಾಬ್ ಅಂತೀವಲ್ಲ, ಆ ಗುಂಡಿನ ಕುರಿತ ಸಂಖ್ಯೆ ಇದು. ದಮರಗಿಡ್ಡದಲ್ಲಿ ಆ ಗುಂಡು ಪೂರ್ತಿ ನೇರವಾಗಿ ಕೆಳಕ್ಕೆ ತೂಗೋದಿಲ್ಲ. ಸಾವಿರ ಕಿಲೋಮೀಟರಿಗೂ ಆಚೆ ಇರೋ ಹಿಮಾಲಯ ಮತ್ತು ಅದರ ಹಿಂದಿನ ಟಿಬೆಟ್ ಎತ್ತರ ಅದನ್ನ ಉತ್ತರಕ್ಕೆ 6.909 ಸೆಕೆಂಡಿನಷ್ಟು ಎಳೆಯಬೇಕು ಅನ್ನೋದು ಅವನ ಲೆಕ್ಕ. ಇದು ಗಡಿಯಾರದ ಸೆಕೆಂಡ್ ಅಲ್ಲ, ಕೋನದ್ದು. ಒಂದು ಡಿಗ್ರಿಯನ್ನ 3,600 ಪಾಲು ಮಾಡಿದರೆ ಬರೋ ಒಂದು ಪಾಲು. ಒಂದು ಕಿಲೋಮೀಟರ್ ಉದ್ದದ ದಾರ ಇಳಿಬಿಟ್ಟರೆ ತುದಿಯ ಗುಂಡು ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಸರಿದಿರುತ್ತೆ, ಅಷ್ಟೇ.

ಆ ಪಾದ್ರಿಯ ಹೆಸರು ಜಾನ್ ಹೆನ್ರಿ ಪ್ರ್ಯಾಟ್. ಭೂವಿಜ್ಞಾನ ಓದಿದ ಯಾರಿಗೇ ಆದರೂ ಈ ಹೆಸರು ಗೊತ್ತು. ಪರ್ವತಗಳು ಯಾಕೆ ನಿಂತಿವೆ ಅನ್ನೋ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಎರಡು ಉತ್ತರ ಇರ್ತವೆ. ಅದರಲ್ಲಿ ಒಂದು ಪ್ರ್ಯಾಟ್ ಮಾದರಿ. ಆದರೆ ಆತ ಕಲ್ಕತ್ತಾದ ಆರ್ಚ್‌ಡೀಕನ್ ಆಗಿದ್ದ, ಅಂದರೆ ಆ ಪ್ರಾಂತ್ಯದ ಚರ್ಚಿನಲ್ಲಿ ಬಿಷಪ್ಪರ ನಂತರದ ಅಧಿಕಾರಿ ಆಗಿದ್ದ ಅನ್ನೋದು, ಬೈಬಲ್ಲಿಗೂ ವಿಜ್ಞಾನಕ್ಕೂ ಜಗಳವಿಲ್ಲ ಅಂತ ಒಂದು ಇಡೀ ಪುಸ್ತಕ ಬರೆದಿದ್ದ ಅನ್ನೋದು ಪಠ್ಯಪುಸ್ತಕದಲ್ಲಿ ಇರೋದಿಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟು ಅವನ ಬದುಕನ್ನ ಹೇಳಬೇಕು ಅಂತ ನನಗೆ ಅನ್ನಿಸಿದ್ದಕ್ಕೆ ಕಾರಣ ಇದೆ. ಭೂಕಂಪ ಆದಾಗ, ನೆರೆ ಬಂದಾಗ, ರೋಗ ಹರಡಿದಾಗ ನಮ್ಮಲ್ಲಿ ಮೊದಲು ಕೇಳೋ ಪ್ರಶ್ನೆ ಹೇಗಾಯ್ತು ಅನ್ನೋದಲ್ಲ, ಯಾರ ತಪ್ಪಿಗೆ ಆಯ್ತು ಅನ್ನೋದು. ಆ ಪ್ರಶ್ನೆಯ ಹಿಂದೆಯೇ ರಾಜಕೀಯ ಬರುತ್ತೆ.

ಇದು ಒಂದೇ ಧರ್ಮದ ರೋಗವೂ ಅಲ್ಲ. 1750ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಲಂಡನ್ ನಗರ ಎರಡು ಸಲ ನಡುಗಿದಾಗ, ಚಾರ್ಲ್ಸ್ ವೆಸ್ಲಿ ಭೂಕಂಪದ ಕಾರಣ ಮತ್ತು ಪರಿಹಾರದ ಬಗ್ಗೆಯೇ ಒಂದು ಉಪದೇಶ ಪ್ರಕಟಿಸಿದ. ಕಾರಣ ಪಾಪ, ಪರಿಹಾರ ಪಶ್ಚಾತ್ತಾಪ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನ ಚರ್ಚುಗಳಲ್ಲಿ ತುಂಬಿದ್ದಾಗಲೇ ಲಿಸ್ಬನ್ ನಗರ ಕುಸಿಯಿತು. ಆಗ ಅಣ್ಣ ಜಾನ್ ವೆಸ್ಲಿಯೂ ಕಿರುಹೊತ್ತಿಗೆ ಬರೆದು, ಇದನ್ನ ಬರೀ ನೆಲದೊಳಗಿನ ಸಹಜ ಕಾರಣಕ್ಕೆ ಕಟ್ಟಿಹಾಕೋದು ದೇವರನ್ನ ಮರೆಯೋ ದಾರಿ ಅಂತ ವಾದಿಸಿದ. ಮರುವರ್ಷ ತತ್ವಜ್ಞಾನಿ ಕಾಂಟ್ ಅದೇ ಭೂಕಂಪದ ಬಗ್ಗೆ ಬರೆದು, ಕಾರಣ ನೆಲದಡಿಯೇ ಇದೆ ಅಂದ. ಬೀದರ್ ಜಿಲ್ಲೆಯವರಿಗೆ ವೆಸ್ಲಿ ಹೆಸರು ದೂರದ್ದಲ್ಲ. ಇಲ್ಲಿನ ಕ್ರೈಸ್ತರಲ್ಲಿ ಹೆಚ್ಚಿನವರು ವೆಸ್ಲಿ ಸಹೋದರರಿಂದ ಶುರುವಾದ ಮೆಥೋಡಿಸ್ಟ್ ಪಂಗಡದವರು. ಬೀದರಿನ ಮಂಗಳಪೇಟೆಯ ಚರ್ಚು ಅವರದೇ. ಇದೇ ಜಾನ್ ವೆಸ್ಲಿ ಬಡವರಿಗಾಗಿ ಮನೆಮದ್ದಿನ ಪುಸ್ತಕ ಬರೆದಿದ್ದ, ವಿದ್ಯುತ್ತಿನಿಂದ ರೋಗ ವಾಸಿ ಮಾಡಬಹುದಾ ಅಂತ ಯಂತ್ರ ಇಟ್ಟು ಪ್ರಯೋಗ ಮಾಡಿದ್ದ. ಮನುಷ್ಯರು ಒಂದೇ ಬಣ್ಣದಲ್ಲಿ ಇರೋದಿಲ್ಲ.

ನಮ್ಮ ಕಡೆಗೂ ಬನ್ನಿ. 1934ರ ಜನವರಿಯಲ್ಲಿ ಬಿಹಾರ ನಡುಗಿದಾಗ ಗಾಂಧೀಜಿ ಅದನ್ನ ಅಸ್ಪೃಶ್ಯತೆಯ ಪಾಪಕ್ಕೆ ಬಂದ ಶಿಕ್ಷೆ ಅಂತ ಕಂಡರು. ರವೀಂದ್ರನಾಥ ಟಾಗೋರ್ ಬಹಿರಂಗವಾಗಿ ವಿರೋಧಿಸಿದರು. ಅಸ್ಪೃಶ್ಯತೆ ಪಾಪ ಅನ್ನೋದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಆದರೆ ನೀತಿಯ ತಪ್ಪಿಗೆ ನೆಲ ನಡುಗುತ್ತೆ ಅನ್ನೋ ತರ್ಕವನ್ನ ಒಮ್ಮೆ ಒಪ್ಪಿಕೊಂಡರೆ, ನಾಳೆ ಎದುರಾಳಿಯೂ ಅದನ್ನೇ ನಮ್ಮ ಮೇಲೆ ತಿರುಗಿಸಬಹುದು ಅನ್ನೋದು ಟಾಗೋರರ ಆತಂಕ. ಅದು ನಿಜವೂ ಆಯ್ತು. 2018ರಲ್ಲಿ ಕೇರಳ ಮುಳುಗಿದಾಗ, ಶಬರಿಮಲೆಗೆ ಮಹಿಳೆಯರ ಪ್ರವೇಶ ಕೇಳಿದ್ದೇ ಕಾರಣ ಅಂದವರಿದ್ದರು, ಅಲ್ಲಿನವರ ಊಟದ ತಟ್ಟೆಯೇ ಕಾರಣ ಅಂದವರೂ ಇದ್ದರು.

ಈ ಗದ್ದಲದ ನಡುವೆ ಪ್ರ್ಯಾಟ್ ಬದುಕು ನನಗೆ ಬೇರೆ ಥರ ಕಾಣುತ್ತೆ.

ಆತ ಹುಟ್ಟಿದ್ದು 1809ರಲ್ಲಿ, ಲಂಡನ್ನಿನಲ್ಲಿ. ಅಪ್ಪ ಜೋಸಾಯ ಪ್ರ್ಯಾಟ್ ಕೂಡ ಪಾದ್ರಿ; ಏಷ್ಯಾ, ಆಫ್ರಿಕಾಗಳಿಗೆ ಮಿಷನರಿಗಳನ್ನ ಕಳಿಸುತ್ತಿದ್ದ ಚರ್ಚ್ ಮಿಷನರಿ ಸೊಸೈಟಿಯ ಕಾರ್ಯದರ್ಶಿ. ಮನೆಯೊಳಗೆ ಬೈಬಲ್, ಮನೆಯ ಹೊರಗೆ ಸಾಮ್ರಾಜ್ಯ. ಹುಡುಗ ಕೇಂಬ್ರಿಡ್ಜ್ ಸೇರಿದ. 1833ರಲ್ಲಿ ಗಣಿತದ ಪರೀಕ್ಷೆಯಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಮೂರನೆಯವನಾಗಿ ಪಾಸಾದ. 1836ರಲ್ಲಿ ಯಂತ್ರಶಾಸ್ತ್ರ ಮತ್ತು ಗುರುತ್ವದ ಗಣಿತದ ಮೇಲೆ ದಪ್ಪ ಪುಸ್ತಕವೊಂದನ್ನ ಪ್ರಕಟಿಸಿದ.

ಅದೇ 1809ರಲ್ಲಿ ಹುಟ್ಟಿ, ಅದೇ ಕೇಂಬ್ರಿಡ್ಜಿನಲ್ಲಿ ಓದಿದ ಇನ್ನೊಬ್ಬ ಹುಡುಗ ಚಾರ್ಲ್ಸ್ ಡಾರ್ವಿನ್. ಅವನನ್ನ ಮನೆಯವರು ಅಲ್ಲಿಗೆ ಕಳಿಸಿದ್ದು ಪಾದ್ರಿ ಆಗಲಿ ಅಂತ. ಪಾದ್ರಿ ಆಗಬೇಕಿದ್ದವನು ಹಡಗು ಹತ್ತಿ ಜೀವವಿಜ್ಞಾನಿ ಆದ. ಗಣಿತದಲ್ಲಿ ಮಿಂಚಿದವನು ಪಾದ್ರಿಯ ನಿಲುವಂಗಿ ತೊಟ್ಟು, 1838ರಲ್ಲಿ ಕಲ್ಕತ್ತಾದ ಬಿಷಪ್ ಡೇನಿಯಲ್ ವಿಲ್ಸನ್ ನೆರವಿನಿಂದ ಈಸ್ಟ್ ಇಂಡಿಯಾ ಕಂಪನಿಯ ಧರ್ಮಾಧಿಕಾರಿಯಾಗಿ ಭಾರತಕ್ಕೆ ಬಂದ. 1850ರಲ್ಲಿ ಕಲ್ಕತ್ತಾದ ಆರ್ಚ್‌ಡೀಕನ್ ಆದ. ಸಂಬಳ ಕಂಪನಿಯದು, ಕೆಲಸ ಚರ್ಚಿನದು, ತಲೆಯೊಳಗೆ ಮಾತ್ರ ಗಣಿತ ಹಾಗೇ ಉಳಿದಿತ್ತು.

ಅವನು ಕಲ್ಕತ್ತಾದಲ್ಲಿ ಪ್ರಾರ್ಥನೆ ನಡೆಸುತ್ತಿದ್ದ ಕಾಲಕ್ಕೆ, ಅವನ ಹೆಸರನ್ನ ಉಳಿಸಲಿದ್ದ ಸಮಸ್ಯೆ ದೇಶದ ಉದ್ದಕ್ಕೂ ತಯಾರಾಗ್ತಾ ಇತ್ತು. ಅದರಲ್ಲಿ ನಮ್ಮ ಬೀದರಿನ ಪಾಲೂ ಇದೆ.

ಕನ್ಯಾಕುಮಾರಿ ಕಡೆಯಿಂದ ಹಿಮಾಲಯದ ಬುಡದವರೆಗೆ ಭಾರತದ ಬೆನ್ನೆಲುಬಿನ ಉದ್ದಕ್ಕೂ ತ್ರಿಕೋನಗಳ ಸರಪಳಿ ಹೆಣೆದು ಭೂಮಿಯ ಆಕಾರ ಅಳೆಯೋ ಕೆಲಸವನ್ನ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಿಂದ ಶುರು ಮಾಡಿದ್ದ. 1815ರಲ್ಲಿ ಆ ಸರಪಳಿ ನಿಜಾಮನ ಬೀದರಿಗೆ ಬಂತು. ಇಲ್ಲಿ ನೆಲದ ಮೇಲೆ ಉದ್ದನೆಯ ಆಧಾರರೇಖೆಯೊಂದನ್ನ ಸರಪಳಿ ಹಾಕಿ ಅಳೆದರು. ಈಗಿನ ಕರ್ನಾಟಕ-ತೆಲಂಗಾಣ ಗಡಿಸೀಮೆಯ ದಮರಗಿಡ್ಡ ಆ ಸರಪಳಿಯ ಮುಖ್ಯ ಠಾಣೆ ಆಯ್ತು. ನಾನು ಖಟಕ ಚಿಂಚೋಳಿಯವನು, ತಾಲೂಕು ಭಾಲ್ಕಿ. ನಕಾಶೆ ತೆಗೆದು ನೋಡಿದರೆ ಭಾಲ್ಕಿ, ದಮರಗಿಡ್ಡ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಹದಿನೆಂಟು ಡಿಗ್ರಿಗಿಂತ ಒಂಚೂರು ಉತ್ತರಕ್ಕೆ. ಲ್ಯಾಂಬ್ಟನ್ 1823ರಲ್ಲಿ ತೀರಿಕೊಂಡ. ಕೆಲಸವನ್ನ ಜಾರ್ಜ್ ಎವರೆಸ್ಟ್ ಮುಂದುವರಿಸಿದ. ಬೀದರಿನ ಆಧಾರರೇಖೆಯನ್ನ 1841ರಲ್ಲಿ ಆಂಡ್ರ್ಯೂ ವಾ ಹೊಸ ಉಪಕರಣಗಳಿಂದ ಮತ್ತೆ ಅಳೆದ. ಸಿರೋಂಜ್ ಕಡೆಯಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿ ತಂದ ಉದ್ದಕ್ಕೂ, ನೆಲದ ಮೇಲೆ ಅಳೆದ ಉದ್ದಕ್ಕೂ ಕೆಲವೇ ಇಂಚಿನ ವ್ಯತ್ಯಾಸ. ಇಷ್ಟು ಕಟ್ಟುನಿಟ್ಟಿನ ಕೆಲಸ ಅದು.

ಹಾಗಿದ್ದೂ ಒಂದು ಕಡೆ ಲೆಕ್ಕ ತಾಳೆ ಆಗಲಿಲ್ಲ.

ಈಗಿನ ಮಧ್ಯಪ್ರದೇಶದ ಸಿರೋಂಜ್ ಹತ್ತಿರ ಕಲ್ಯಾಣಪುರ, ಈಗಿನ ಉತ್ತರಪ್ರದೇಶದ ಮುಜಫ್ಫರ್‌ನಗರದ ಕಡೆ ಕಲಿಯಾನಾ ಅನ್ನೋ ಎರಡು ಠಾಣೆ. ನಡುವೆ ಸುಮಾರು 600 ಕಿಲೋಮೀಟರ್. ಇವುಗಳ ಅಕ್ಷಾಂಶದ ಅಂತರವನ್ನ ಎರಡು ದಾರಿಯಲ್ಲಿ ಕಂಡುಹಿಡಿಯಬಹುದು. ನೆಲದ ಮೇಲೆ ತ್ರಿಕೋನ ಕಟ್ಟಿಕೊಂಡು ಹೋಗೋದು ಒಂದು. ಎರಡೂ ಕಡೆ ನಿಂತು ನಕ್ಷತ್ರದ ಎತ್ತರ ನೋಡೋದು ಇನ್ನೊಂದು. ತ್ರಿಕೋನದ ಲೆಕ್ಕ 5 ಡಿಗ್ರಿ 23 ನಿಮಿಷ 42.294 ಸೆಕೆಂಡ್ ಅಂತು. ನಕ್ಷತ್ರದ ಲೆಕ್ಕ 5 ಡಿಗ್ರಿ 23 ನಿಮಿಷ 37.058 ಸೆಕೆಂಡ್ ಅಂತು. ವ್ಯತ್ಯಾಸ 5.236 ಸೆಕೆಂಡ್. ನೆಲದ ಮೇಲೆ ಇದು 160 ಮೀಟರ್ ಆಗುತ್ತೆ. ಬೀದರಿನಲ್ಲಿ ಇಂಚಿನಲ್ಲಿ ತೂಗಿದವರಿಗೆ 160 ಮೀಟರ್ ಅಂದರೆ ಹಗುರದ ಮಾತಲ್ಲ.

ಎವರೆಸ್ಟ್ ಇದನ್ನ ಅಳತೆಯ ಸಣ್ಣಪುಟ್ಟ ದೋಷ ಅಂತ ತಿಳಿದು ಸರಪಳಿಯ ಉದ್ದಕ್ಕೂ ಹಂಚಿಬಿಟ್ಟ. ಸರ್ವೇ ಪಾಠ ಓದಿದವರಿಗೆ ಇದು ಹೊಸದಲ್ಲ. ಸುತ್ತಿ ಬಂದ ಗೆರೆ ಶುರುವಾದ ಬಿಂದುವಿಗೆ ಸರಿಯಾಗಿ ಕೂಡದಿದ್ದರೆ, ಉಳಿದ ದೋಷವನ್ನ ಎಲ್ಲ ಗೆರೆಗೂ ಸ್ವಲ್ಪ ಸ್ವಲ್ಪ ಹಂಚಬೇಕು ಅಂತಲೇ ಕಾಲೇಜಿನಲ್ಲಿ ಹೇಳಿಕೊಡ್ತಾರೆ. ದೋಷ ಎಲ್ಲೆಲ್ಲೋ ಚೆಲ್ಲಿರೋದಾದರೆ ಅದು ನ್ಯಾಯವಾದ ವಿಧಾನವೇ. ಆದರೆ ದೋಷಕ್ಕೆ ಒಂದೇ ಒಂದು ದೊಡ್ಡ ಕಾರಣ ಇದ್ದರೆ, ಹಂಚಿದ ತಕ್ಷಣ ಆ ಕಾರಣ ಕಾಣೆಯಾಗುತ್ತೆ.

ಪ್ರ್ಯಾಟ್ ಕೈಹಾಕಿದ್ದು ಇಲ್ಲಿಗೆ. ನಕ್ಷತ್ರದ ಎತ್ತರ ಅಳೆಯೋಕೆ ಮೊದಲು ಮೇಲು-ಕೆಳಗು ಯಾವುದು ಅಂತ ಗೊತ್ತಿರಬೇಕು. ಅದನ್ನ ಹೇಳೋದು ತೂಗುವ ಗುಂಡು. ಗುಂಡೇ ವಾಲಿದ್ದರೆ? ನ್ಯೂಟನ್ ನಿಯಮದ ಪ್ರಕಾರ ಪ್ರತಿ ವಸ್ತುವೂ ಇನ್ನೊಂದನ್ನ ಎಳೆಯುತ್ತೆ. ಕಲಿಯಾನಾದ ಉತ್ತರಕ್ಕೆ ಜಗತ್ತಿನ ಅತಿ ದೊಡ್ಡ ಕಲ್ಲಿನ ರಾಶಿ ನಿಂತಿದೆ. ಗುಂಡನ್ನ ಅದು ತನ್ನ ಕಡೆ ಎಳೆದೇ ಎಳೆಯುತ್ತೆ. ಪರ್ವತ ಗುಂಡನ್ನ ಎಳೆಯುತ್ತೆ ಅನ್ನೋದನ್ನ 1774ರಲ್ಲೇ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದಲ್ಲಿ ನೆವಿಲ್ ಮಾಸ್ಕೆಲಿನ್ ಅಳೆದು ತೋರಿಸಿದ್ದ. ಅವನೂ ದೀಕ್ಷೆ ಪಡೆದ ಪಾದ್ರಿಯೇ. ಪ್ರ್ಯಾಟ್ ಕಲ್ಕತ್ತಾದಲ್ಲಿ ಕೂತು ಹಿಮಾಲಯವನ್ನೂ ಟಿಬೆಟ್ಟನ್ನೂ ಕಾಗದದ ಮೇಲೆ ತುಂಡು ತುಂಡು ಮಾಡಿದ. ಪ್ರತಿ ತುಂಡಿನ ಸರಾಸರಿ ಎತ್ತರ ಎಷ್ಟು, ಅದು ಎಷ್ಟು ಎಳೆಯುತ್ತೆ ಅಂತ ಕೂಡಿಸಿದ. ಆಚೆಯ ಎತ್ತರಗಳಿಗೆ ಆಗ ಸರಿಯಾದ ಸರ್ವೇನೇ ಇರಲಿಲ್ಲ. ಸಿಕ್ಕ ಮಾಹಿತಿಯನ್ನೇ ತೂಗಿ ನೋಡಬೇಕಿತ್ತು. ಕ್ಯಾಲ್ಕುಲೇಟರ್ ಇಲ್ಲದ ಕಾಲದ ಕೈಲೆಕ್ಕ ಇದು.

ಉತ್ತರ ಬಂತು. ಕಲಿಯಾನಾದಲ್ಲಿ ಗುಂಡು 27.853 ಸೆಕೆಂಡ್ ವಾಲಬೇಕು, ಕಲ್ಯಾಣಪುರದಲ್ಲಿ 11.968, ನಮ್ಮ ದಮರಗಿಡ್ಡದಲ್ಲಿ 6.909. ಮೊದಲ ಎರಡರ ವ್ಯತ್ಯಾಸ 15.885. ಬೇಕಾಗಿದ್ದು 5.236.

ಅಂದರೆ ಆತ ಹಿಡಿದ ಕಾರಣ ಸರಿ ಇತ್ತು, ಆದರೆ ಅದು ಬೇಕಾದ್ದಕ್ಕಿಂತ ಮೂರು ಪಟ್ಟು ಹೆಚ್ಚಾಯ್ತು. ನನ್ನ ಮಟ್ಟಿಗೆ ಪ್ರ್ಯಾಟ್ ಬದುಕಿನ ದೊಡ್ಡ ಗಳಿಗೆ ಇದೇ. ಸರ್ವೇ ಕ್ಯಾಂಪಿನಲ್ಲಿ ಬೇಕಾದ ಉತ್ತರಕ್ಕೆ ತಕ್ಕ ಹಾಗೆ ರೀಡಿಂಗ್ ಹೊಂದಿಸೋ ಹುಡುಗರನ್ನ ಇಂಜಿನಿಯರಿಂಗ್ ಓದಿದವರೆಲ್ಲ ನೋಡಿರ್ತಾರೆ. ಪ್ರ್ಯಾಟ್ ಮುಂದೆ ಅದಕ್ಕಿಂತ ಸುಲಭದ ದಾರಿ ಇತ್ತು. ಟಿಬೆಟ್ಟಿನ ಎತ್ತರ ಯಾರಿಗೂ ಗೊತ್ತಿರಲಿಲ್ಲ. ಅದನ್ನ ತಗ್ಗಿಸಿ ಲೆಕ್ಕ ಕೂಡಿಸಬಹುದಿತ್ತು. ತಗ್ಗಿಸಿದರೂ ಸಾಲುತ್ತಾ ಅಂತ ಆತ ನೋಡಿದ, ನ್ಯಾಯವಾಗಿ ಎಷ್ಟು ತಗ್ಗಿಸಬಹುದೋ ಅಷ್ಟಕ್ಕೆ ವ್ಯತ್ಯಾಸ ಹೋಗೋದಿಲ್ಲ ಅಂತ ಕಂಡಿತು. ಪಾದ್ರಿ ಆಗಿದ್ದರಿಂದ ಇನ್ನೊಂದು ದಾರಿಯೂ ಇತ್ತು. ಮನುಷ್ಯನ ಬುದ್ಧಿಗೆ ಎಟುಕದ ದೇವರ ಲೀಲೆ ಅಂತ ಒಂದು ಸಾಲು ಬರೆದು ಮುಗಿಸಬಹುದಿತ್ತು. ಎರಡನ್ನೂ ಮಾಡಲಿಲ್ಲ. ತಾಳೆಯಾಗದ ಲೆಕ್ಕವನ್ನ ತಾಳೆಯಾಗದ ಹಾಗೇ ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ. 1854ರ ಡಿಸೆಂಬರಿನಲ್ಲಿ ಅದನ್ನ ಅಲ್ಲಿ ಓದಲಾಯ್ತು.

ಕೆಲವೇ ವಾರಗಳಲ್ಲಿ ಬ್ರಿಟನ್ನಿನ ರಾಜ ಖಗೋಳಜ್ಞ ಜಾರ್ಜ್ ಏರಿ ಒಂದು ಸಣ್ಣ ಉತ್ತರ ಬರೆದ. ಪರ್ವತ ಅನ್ನೋದು ಗಟ್ಟಿ ನೆಲದ ಮೇಲೆ ಇಟ್ಟ ಕಲ್ಲಿನ ರಾಶಿ ಅಲ್ಲ, ನೀರಿನಲ್ಲಿ ತೇಲೋ ಮರದ ದಿಮ್ಮಿಯ ಹಾಗೆ ಅದರ ಕೆಳಗೆ ಆಳವಾದ ಬೇರಿದೆ ಅನ್ನೋದು ಅವನ ವಾದ. ಹಗುರದ ಆ ಬೇರು ಭಾರದ ಶಿಲೆಯ ಜಾಗ ಹಿಡಿದಿರೋದರಿಂದ ಪರ್ವತದ ಎಳೆತ ಕಡಿಮೆ ಕಾಣುತ್ತೆ. ಪ್ರ್ಯಾಟ್‌ಗೆ ಇದು ಒಪ್ಪಿಗೆ ಆಗಲಿಲ್ಲ. 1859ರಲ್ಲಿ ತನ್ನದೇ ಉತ್ತರ ಕೊಟ್ಟ. ಹುದುಗು ಬಂದ ಹಿಟ್ಟನ್ನ ನೆನೆಸಿಕೊಳ್ಳಿ. ಅಷ್ಟೇ ಹಿಟ್ಟು, ಉಬ್ಬಿದ ಕಡೆ ಎತ್ತರ, ಆದರೆ ಅಲ್ಲಿ ಒಳಗೆ ಹಗುರ. ಭೂಮಿಯ ಪದರವೂ ತಣ್ಣಗಾಗುವಾಗ ಎಲ್ಲ ಕಡೆ ಒಂದೇ ಥರ ಕುಗ್ಗಲಿಲ್ಲ. ಎತ್ತರ ಇರೋ ಕಡೆ ಕೆಳಗಿನ ಶಿಲೆಯ ಸಾಂದ್ರತೆ ಕಡಿಮೆ, ತಗ್ಗು ಇರೋ ಕಡೆ ಹೆಚ್ಚು, ಒಂದು ಆಳಕ್ಕೆ ಹೋದರೆ ಎಲ್ಲ ಕಡೆಯ ಭಾರವೂ ಸಮ. ಈ ಸಮತೋಲಕ್ಕೆ 1880ರ ದಶಕದಲ್ಲಿ ಅಮೆರಿಕದ ಡಟ್ಟನ್ ಐಸೋಸ್ಟಸಿ ಅನ್ನೋ ಹೆಸರಿಟ್ಟ. ಹಿಮಾಲಯದ ಮಟ್ಟಿಗೆ ಏರಿ ಹೆಚ್ಚು ಸರಿ ಅಂತ ಈಗ ಗೊತ್ತಾಗಿದೆ. ಟಿಬೆಟ್ಟಿನ ಕೆಳಗೆ ಭೂಪದರ ಸುಮಾರು 70 ಕಿಲೋಮೀಟರ್ ದಪ್ಪ ಇದೆ. ಸಾಗರದ ನಡುವಿನ ಬಿಸಿ ಏಣುಗಳ ವಿಷಯದಲ್ಲಿ ಪ್ರ್ಯಾಟ್ ಹೆಚ್ಚು ಸರಿ.

ಈ ಕಥೆಯನ್ನ ಬರೀ ಇಂಗ್ಲಿಷರ ಬುದ್ಧಿವಂತಿಕೆಯ ಕಥೆ ಮಾಡೋದು ಸುಳ್ಳಾಗುತ್ತೆ. ಸರ್ವೇ ನಡೆದದ್ದು ಆಳೋಕೆ: ಸೈನ್ಯ ಸಾಗಿಸೋಕೆ, ಕಂದಾಯ ಹಾಕೋಕೆ. ಧ್ವಜ ಹಿಡಿದವರು, ಸರಪಳಿ ಎಳೆದವರು, ಉಪಕರಣ ಹೊತ್ತವರು, ಕಾಡಿನ ಜ್ವರಕ್ಕೆ ಸತ್ತವರು ಇಲ್ಲಿನವರು. ಎವರೆಸ್ಟ್‌ನ ಸೂಕ್ಷ್ಮ ಉಪಕರಣಗಳನ್ನ ಬಿಚ್ಚಿ ಜೋಡಿಸಿ ಕೆಲಸಕ್ಕೆ ಬರೋ ಹಾಗೆ ಮಾಡಿದ್ದು ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್. ಲೆಕ್ಕದ ವಿಭಾಗದ ಮುಖ್ಯಸ್ಥ ಬಂಗಾಳದ ರಾಧಾನಾಥ್ ಸಿಕ್ದಾರ್. 1852ರಲ್ಲಿ ಜಗತ್ತಿನ ಅತಿ ಎತ್ತರದ ಶಿಖರ ಯಾವುದು ಅನ್ನೋದನ್ನ ಲೆಕ್ಕದಲ್ಲಿ ಹಿಡಿದವನು ಅಂತ ಹೆಸರಾದ ಅದೇ ಸಿಕ್ದಾರ್. ಡಿರೋಜಿಯೋ ಬಳಗದ ಕಟ್ಟಾ ವಿಚಾರವಾದಿ, ಜಾತಿಯ ಕಟ್ಟಳೆಗಳನ್ನ ಬೇಕಂತಲೇ ಮುರಿದವನು. 1843ರಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಸರ್ವೇ ಕೂಲಿಗಳನ್ನ ಬಿಟ್ಟಿ ದುಡಿಸಿಕೊಂಡಾಗ ತಡೆದು ನಿಂತು 200 ರೂಪಾಯಿ ದಂಡ ಕಟ್ಟಿದ.

ಒಬ್ಬ ಪಾದ್ರಿ, ಒಬ್ಬ ಮುಸ್ಲಿಂ ಕುಶಲಕರ್ಮಿ, ಒಬ್ಬ ವಿಚಾರವಾದಿ. ಇವರಿಗೆ ಜಗತ್ತನ್ನ ಯಾರು ನಡೆಸ್ತಾರೆ ಅನ್ನೋದರಲ್ಲಿ ಒಮ್ಮತ ಇರೋದು ಸಾಧ್ಯವೇ ಇರಲಿಲ್ಲ. ಆದರೆ ಗುಂಡು ಎಷ್ಟು ವಾಲಿದೆ ಅನ್ನೋದಕ್ಕೆ ಮೂವರಿಗೂ ಒಂದೇ ಉತ್ತರ.

ಹಾಗಾದರೆ ಪ್ರ್ಯಾಟ್ ತನ್ನ ನಂಬಿಕೆಯನ್ನ ಎಲ್ಲಿಟ್ಟಿದ್ದ? 1856ರಲ್ಲಿ ಪ್ರಕಟವಾಗಿ ಹಲವು ಮುದ್ರಣ ಕಂಡ ಅವನ ಪುಸ್ತಕದಲ್ಲಿ ಇದಕ್ಕೆ ಉತ್ತರ ಇದೆ. ಬೈಬಲ್ಲೂ ಪ್ರಕೃತಿಯೂ ಒಬ್ಬನದೇ ಕೃತಿಗಳು ಅನ್ನೋದು ಅವನ ತಳಹದಿ. ಎರಡರ ನಡುವೆ ಜಗಳ ಕಂಡರೆ ಒಂದೋ ನಾವು ಬೈಬಲ್ಲನ್ನ ತಪ್ಪಾಗಿ ಓದಿದ್ದೇವೆ, ಇಲ್ಲಾ ವಿಜ್ಞಾನ ಇನ್ನೂ ಮುಗಿಯದ ಮಾತನ್ನ ಮುಗಿದದ್ದು ಅಂತ ಹೇಳ್ತಿದೆ. ಭೂಮಿ ಸ್ಥಿರ ಅಂತ ಒಂದು ಕಾಲಕ್ಕೆ ಬೈಬಲ್ ಹಿಡಿದು ವಾದಿಸಿದರು, ಆಮೇಲೆ ಆ ಓದು ತಪ್ಪು ಅಂತ ಒಪ್ಪಬೇಕಾಯ್ತು. ಭೂಮಿಗೆ ಆರು ಸಾವಿರ ವರ್ಷ ಅನ್ನೋ ಎಣಿಕೆಯನ್ನೂ ಆತ ಬಿಟ್ಟುಕೊಟ್ಟ. ಭೂವಿಜ್ಞಾನ ಹೇಳೋ ದೀರ್ಘ ಕಾಲವನ್ನ ಒಪ್ಪಿಕೊಂಡ. ಬೇರೆ ಬೇರೆ ಜನಾಂಗಗಳು ಬೇರೆ ಬೇರೆ ಮೂಲದಿಂದ ಹುಟ್ಟಿದವು ಅಂತ ಆ ಕಾಲದ ಕೆಲವು ವಿಜ್ಞಾನಿಗಳು ಹೇಳ್ತಿದ್ದಾಗ, ಮನುಷ್ಯಕುಲ ಒಂದೇ ಅನ್ನೋ ಬೈಬಲ್ಲಿನ ನಿಲುವಿನ ಕಡೆ ಈತ ನಿಂತ. ಆ ಮಾತಿನಲ್ಲಿ ಕಾಲ ಅವನ ಪರವಾಗಿಯೇ ಹೋಯ್ತು.

ಅಂದರೆ ವೆಸ್ಲಿಗೂ ಪ್ರ್ಯಾಟ್‌ಗೂ ದೇವರು ಒಬ್ಬನೇ, ಕಾರಣದ ಅರ್ಥ ಬೇರೆ. ವೆಸ್ಲಿಗೆ ಭೂಕಂಪ ಅಂದರೆ ದೇವರು ಇಂದು ಈ ಊರಿಗೆ ಕಳಿಸಿದ ಕಾಗದ. ಪ್ರ್ಯಾಟ್‌ಗೆ ದೇವರು ನಿಯಮ ಕೊಟ್ಟವನು, ಆ ನಿಯಮ ಹೇಗೆ ಕೆಲಸ ಮಾಡುತ್ತೆ ಅಂತ ಹುಡುಕೋದೂ ಭಕ್ತಿಯ ಕೆಲಸವೇ. ನಿಯಮದಲ್ಲಿ ತೂತು ಕಂಡರೆ ಅಲ್ಲಿಗೆ ದೇವರನ್ನ ತುರುಕೋದು ಅವನ ಕಣ್ಣಿಗೆ ದೇವರಿಗೇ ಅವಮಾನ ಆಗಿರಬೇಕು ಅಂತ ನನ್ನ ಊಹೆ. ನಾನು ದೇವರನ್ನ ನಂಬೋನಲ್ಲ. ಆದರೂ ಕಾರಣ ಹುಡುಕೋ ಕೆಲಸದಲ್ಲಿ ಈ ನಂಬಿಕೆಯ ಜೊತೆ ನನಗೆ ತಕರಾರಿಲ್ಲ.

ತಕರಾರು ಇರೋದು ಮುಂದಿನದಕ್ಕೆ. ಅವನ ಸಾಂದ್ರತೆಯ ಲೆಕ್ಕ ಪ್ರಕಟವಾದ 1859ರಲ್ಲೇ ಡಾರ್ವಿನ್ನನ ಜೀವಸಂಕುಲಗಳ ಉಗಮದ ಪುಸ್ತಕವೂ ಬಂತು. ಪುಸ್ತಕದ ಮುಂದಿನ ಮುದ್ರಣಗಳಲ್ಲಿ ಪ್ರ್ಯಾಟ್ ಅದರ ವಿರುದ್ಧ ನಿಂತ. ಮನುಷ್ಯಕುಲ ಬಹಳ ಹಳೆಯದು ಅನ್ನೋ ಪುರಾವೆಗಳನ್ನೂ ಒಪ್ಪಲಿಲ್ಲ. ಭೂಮಿಯ ವಯಸ್ಸಿನ ವಿಷಯದಲ್ಲಿ ಓದನ್ನ ತಿದ್ದಿಕೊಂಡವನು, ಮನುಷ್ಯನ ಹುಟ್ಟಿನ ವಿಷಯ ಬಂದಾಗ ತಿದ್ದಿಕೊಳ್ಳಬೇಕಾದ್ದು ವಿಜ್ಞಾನವೇ ಅಂದ. ಹಿಮಾಲಯದ ಲೆಕ್ಕ ತಾಳೆಯಾಗದೇ ಇದ್ದಾಗ ಉತ್ತರವನ್ನ ಮೊದಲೇ ನಿರ್ಧರಿಸದೆ ನಾಲ್ಕೈದು ವರ್ಷ ಕಾದಿದ್ದ. ಇಲ್ಲಿ ಉತ್ತರ ಮೊದಲೇ ಬರೆದಿಟ್ಟಾಗಿತ್ತು. ಎರಡೂ ಕಡೆ ಇದ್ದದ್ದು ಅದೇ ನಂಬಿಕೆ, ಅದೇ ಮನುಷ್ಯ. ಹಾಗಾಗಿ ನಂಬಿಕೆ ಇದ್ದರೆ ವಿಜ್ಞಾನ ಆಗೋದಿಲ್ಲ ಅನ್ನೋರಿಗೂ, ನಂಬಿಕೆಯಿಂದಲೇ ವಿಜ್ಞಾನ ಆಯ್ತು ಅನ್ನೋರಿಗೂ ಪ್ರ್ಯಾಟ್ ಅನುಕೂಲದ ಉದಾಹರಣೆ ಅಲ್ಲ. ಲೆಕ್ಕ ತಪ್ಪಿದರೆ ತಪ್ಪಲಿ ಅಂತ ಬಿಡೋ ಧೈರ್ಯ ಇದ್ದಲ್ಲಿ ಆತ ಗೆದ್ದ, ಇಲ್ಲದಲ್ಲಿ ಸೋತ.

ಇದೆಲ್ಲ ಇನ್ನೂರು ವರ್ಷ ಹಳೆಯ ಜಗಳ ಅಂತ ಅನ್ನಿಸಿದರೆ, 1993ನ್ನ ನೆನಪಿಸಿಕೊಳ್ಳಿ. ಸೆಪ್ಟೆಂಬರ್ 30ರ ನಸುಕು, ನಾಲ್ಕು ಗಂಟೆಗೆ ಕೆಲವೇ ನಿಮಿಷ ಮೊದಲು. ಗಣೇಶ ವಿಸರ್ಜನೆ ಮುಗಿಸಿ ಬಂದ ಜನ ಆಗಷ್ಟೇ ಮಲಗಿದ್ದರು. ಭಾಲ್ಕಿಯಿಂದ ನೇರ ಗೆರೆ ಎಳೆದರೆ ಸುಮಾರು 70 ಕಿಲೋಮೀಟರ್ ದೂರದ ಕಿಲ್ಲಾರಿ ಮತ್ತು ಸುತ್ತಲ ಊರುಗಳು ನೆಲಸಮ ಆದವು. ತೀವ್ರತೆ ಸುಮಾರು 6.2. ಸತ್ತವರು ಎಂಟರಿಂದ ಹತ್ತು ಸಾವಿರ. ನಮ್ಮ ಜಿಲ್ಲೆಯೂ ನಡುಗಿತು. ನಾನಾಗ ತೀರಾ ಸಣ್ಣವನು. ಆದರೆ ಬೆಳೆಯುತ್ತಾ ಕೇಳಿದ ಮಾತುಗಳು ನೆನಪಿವೆ. ಕಲಿಗಾಲ ಅಂದವರು, ದೇವಿಯ ಸಿಟ್ಟು ಅಂದವರು, ಆ ಊರಿನವರು ಏನೋ ಮಾಡಿರಬೇಕು ಬಿಡು ಅಂದವರು. ಕೊನೆಯ ಮಾತು ಎಲ್ಲಕ್ಕಿಂತ ಕ್ರೂರ. ಸತ್ತವರನ್ನೇ ಆರೋಪಿಗಳ ಸಾಲಿನಲ್ಲಿ ನಿಲ್ಲಿಸೋ ಮಾತು ಅದು.

ವಿಜ್ಞಾನವೂ ಆ ದಿನ ತಲೆ ಎತ್ತಿ ನಿಲ್ಲೋ ಸ್ಥಿತಿಯಲ್ಲಿ ಇರಲಿಲ್ಲ. ದಖ್ಖನ್ ಪ್ರಸ್ಥಭೂಮಿ ಗಟ್ಟಿ, ಅಲುಗಾಡದ ನೆಲ ಅಂತ ಹೇಳಿದ್ದರು. ಭೂಕಂಪದ ನಕಾಶೆಯಲ್ಲಿ ಲಾತೂರ್ ಸೀಮೆ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. ಲೆಕ್ಕ ತಾಳೆಯಾಗಲಿಲ್ಲ. ಆಮೇಲೆ ಆಗಿದ್ದನ್ನ ನೋಡಿ. ಕಿಲ್ಲಾರಿಯಲ್ಲಿ ಬಾವಿ ಕೊರೆದರು, ಮುನ್ನೂರು ಮೀಟರಿಗೂ ಹೆಚ್ಚು ದಪ್ಪದ ಕಪ್ಪುಶಿಲೆಯ ಹೊದಿಕೆ ದಾಟಿ ಅದರ ಅಡಿಯ ಹಳೆಯ ಶಿಲೆ ನೋಡಿದರು. 2002ರಲ್ಲಿ ನಕಾಶೆ ಬದಲಾಯ್ತು. ಒಂದನೇ ವಲಯ ಅನ್ನೋದನ್ನೇ ತೆಗೆದು ಹಾಕಿದರು, ಲಾತೂರ್ ಸೀಮೆ ಮೂರನೇ ವಲಯಕ್ಕೆ ಬಂತು. ಅಷ್ಟು ಜನ ಸಾಯೋಕೆ ಕಾರಣ ಏನು ಅಂತ ಹುಡುಕಿದಾಗ ಸಿಕ್ಕಿದ್ದು ಯಾರ ಪಾಪವೂ ಅಲ್ಲ: ಮಣ್ಣಿನಲ್ಲಿ ಕೂಡಿಸಿದ ಕಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣಿನ ಭಾರದ ಮಾಳಿಗೆ. ನಮ್ಮ ಕಡೆ ಹಳೇ ಮನೆಗಳು ಇವತ್ತಿಗೂ ಹಾಗೇ ಇವೆ. ಪಾಪ ಕಾರಣ ಅಂದರೆ ಪೂಜೆ ಮಾಡಿ ಮಲಗಬಹುದು. ಗೋಡೆ ಕಾರಣ ಅಂದರೆ ಯಾರೋ ಒಬ್ಬರು ದುಡ್ಡು ಕೊಡಬೇಕು, ಗೋಡೆ ಗಟ್ಟಿ ಮಾಡಬೇಕು, ಪಂಚಾಯ್ತಿಯಿಂದ ವಿಧಾನಸೌಧದವರೆಗೆ ಯಾರೋ ಜವಾಬು ಹೇಳಬೇಕು. ಮೊದಲ ಕಾರಣವೇ ಅಧಿಕಾರದಲ್ಲಿ ಇರೋರಿಗೆ ಯಾಕೆ ಇಷ್ಟ ಆಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಪ್ರ್ಯಾಟ್ ತನ್ನ ಕೊನೆಯ ದಿನಗಳವರೆಗೂ ಭಾರತದಲ್ಲೇ ಉಳಿದ. 1860ರಲ್ಲಿ ಭೂಮಿಯ ಆಕಾರ ಮತ್ತು ಗುರುತ್ವದ ಗಣಿತದ ಮೇಲೆ ಇನ್ನೊಂದು ಪುಸ್ತಕ ತಂದ. ಅದರ ಹೆಸರಿನಲ್ಲೇ ಲ್ಯಾಪ್ಲಾಸ್ ಹೆಸರಿದೆ. ಗ್ರಹಗಳ ಚಲನೆಯ ಲೆಕ್ಕದಲ್ಲಿ ದೇವರಿಗೆ ಜಾಗ ಇಡಲಿಲ್ಲ ಅಂತ ಹೆಸರಾದ ಫ್ರೆಂಚ್ ಗಣಿತಜ್ಞನ ಸೂತ್ರಗಳನ್ನ ಕಲ್ಕತ್ತಾದ ಆರ್ಚ್‌ಡೀಕನ್ ಯಾವ ಮುಜುಗರವೂ ಇಲ್ಲದೆ ಬಳಸಿದ. 1866ರಲ್ಲಿ ರಾಯಲ್ ಸೊಸೈಟಿ ಅವನನ್ನ ಸದಸ್ಯನಾಗಿ ಆರಿಸಿತು. 1871ರ ಡಿಸೆಂಬರ್ 28ರಂದು ಗಾಜೀಪುರದಲ್ಲಿ ತೀರಿಕೊಂಡ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ಸರ್ವೇಯವರು ತಮ್ಮ ಇಡೀ ದೇಶದ ಅಳತೆಯನ್ನ ಸರಿಪಡಿಸಿಕೊಂಡದ್ದು ಪ್ರ್ಯಾಟ್ ಮಾದರಿಯನ್ನ ಹಿಡಿದೇ.

ಅವನು ಬಿಟ್ಟುಹೋದ ಪ್ರಶ್ನೆ ನಮ್ಮ ನೆರೆಯಲ್ಲೇ ಇನ್ನೂ ಜೀವಂತವಾಗಿದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ಕಡಿಮೆ ಇರೋ ಒಂದು ದೊಡ್ಡ ಜಾಗ ಇದೆ. ಅಲ್ಲಿ ಸಮುದ್ರದ ಮಟ್ಟ ಜಗತ್ತಿನ ಸರಾಸರಿಗಿಂತ ನೂರು ಮೀಟರಿಗೂ ಕೆಳಗಿದೆ. ಜಗತ್ತಿನಲ್ಲೇ ಇಂಥ ದೊಡ್ಡ ತಗ್ಗು ಬೇರೆ ಇಲ್ಲ. ಯಾಕೆ ಅನ್ನೋದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2023ರಲ್ಲಿ ಒಂದು ಉತ್ತರ ಮುಂದಿಟ್ಟರು: ಆಳದಿಂದ ಮೇಲೆದ್ದು ಬಂದ ಬಿಸಿಯಾದ, ಸಾಂದ್ರತೆ ಕಡಿಮೆ ಇರೋ ಶಿಲೆ. ಅದು ಕೊನೆಯ ಮಾತು ಅಂತ ಅವರೂ ಹೇಳಿಲ್ಲ, ಬೇರೆಯವರ ವಾದಗಳೂ ಇವೆ. ಸಮುದ್ರಕ್ಕೆ ಇಳಿದು ಅಳೆಯಬೇಕು, ಲೆಕ್ಕ ಹಾಕಬೇಕು, ತಾಳೆಯಾಗದಿದ್ದರೆ ಹಾಗೇ ಬರೆದು ಕಳಿಸಬೇಕು.